ನಮ್ಮ ಮಾವ ಸುಳ್ಳು ಹೇಳುತ್ತಿರಲಿಲ್ಲ

ಮೂಡಿಗೆರೆ ಕಡೆ ತೋಟಗಳಲ್ಲಿ ಒಂಟಿ ಬಿದಿರಿನ ಏಣಿ ಹತ್ತಿ ಮೆಣಸು ಕೊಯ್ಯುವವರನ್ನು ನೀವು ನೋಡಿರಬಹುದು. ನಮ್ಮ ಸೋದರಮಾವ ಮೂವತ್ತು ವರ್ಷ ಅದೇ ಕೆಲಸ ಮಾಡಿದವರು. ಕುಡಿತವೂ ಹೆಚ್ಚುಕಡಿಮೆ ಅಷ್ಟೇ ವರ್ಷದ್ದು. ಕೊನೆಕೊನೆಗೆ ತಿಂಡಿ ಬದಲು ನೈಂಟಿ. ಕುಡಿಯದೇ ಇದ್ದಾಗಲೂ ಕಾಲು ಅಗಲಿಸಿಕೊಂಡು, ಗೋಡೆ ಹಿಡಿದು ನಡೆಯುತ್ತಿದ್ದರು.

ಹೋದ ವರ್ಷ ಕುಡಿತ ಬಿಡಿಸಬೇಕು ಅಂತ ಮನೆಯವರೇ ಕೋಣೆಯಲ್ಲಿ ಹಾಕಿ ಬೀಗ ಹಾಕಿದೆವು. ಎರಡನೇ ದಿನ ಫಿಟ್ಸ್ ಬಂತು. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ವರ್ಷಗಟ್ಟಲೆ ಜಾಸ್ತಿ ಕುಡಿದವರು ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯ, ಡಾಕ್ಟರ ಕೈಯಲ್ಲೇ ಬಿಡಿಸಬೇಕು.

ಹಾಸನದ ಆಸ್ಪತ್ರೆಗೆ ಸೇರಿಸಿದೆವು. ನಾಲ್ಕು ದಿನ ಮಂಚ ಬಿಟ್ಟು ಏಳದ ಮಾವನನ್ನು "ನಿನ್ನೆ ಎಲ್ಲಿದ್ರಿ?" ಅಂತ ಕೇಳಿದರೆ, "ಬೇಲೂರಿಗೆ ಹೋಗಿದ್ದೆ ಕಣೋ, ಏಣಿಗೆ ಬಿದಿರು ತರೋಕೆ" ಅಂದರು. ಅತ್ತೆ ಅತ್ತೇಬಿಟ್ಟರು, ಇಲ್ಲೂ ಸುಳ್ಳಾ ಅಂತ.

ಸುಳ್ಳಲ್ಲ ಅಂದರು ಡಾಕ್ಟರು. ನೆನಪು ಇಲ್ಲದ ಜಾಗವನ್ನು ಮೆದುಳೇ ಏನೋ ಒಂದು ಕಥೆಯಿಂದ ತುಂಬುತ್ತದಂತೆ, ಹೇಳುವವರಿಗೆ ಅದು ನಿಜವೇ. ಇದಕ್ಕೆ ಕೊರ್ಸಕಾಫ್ ಕಾಯಿಲೆ ಅನ್ನುತ್ತಾರೆ, 1887ರಲ್ಲೇ ರಷ್ಯಾದ ವೈದ್ಯ ಸೆರ್ಗೆಯ್ ಕೊರ್ಸಕಾಫ್ ಬರೆದಿಟ್ಟದ್ದು. ಕಾರಣ ಬಿ1 ವಿಟಮಿನ್ ಇಲ್ಲದಿರುವುದು. ಕುಡಿಯುವವರು ಸರಿಯಾಗಿ ಉಣ್ಣುವುದಿಲ್ಲ, ಉಂಡದ್ದರಲ್ಲಿನ ಬಿ1 ಅನ್ನೂ ಮದ್ಯ ಮೈಗೆ ಹತ್ತಲು ಬಿಡುವುದಿಲ್ಲ. ಸುಸ್ತು ಅಂತ ಸುಮ್ನೆ ಗ್ಲೂಕೋಸ್ ಬಾಟ್ಲಿ ಹಾಕಿಸಿಕೊಂಡು ಬರುತ್ತೇವಲ್ಲ, ಇಂಥವರಿಗೆ ಬಿ1 ಕೊಡದೆ ಅದನ್ನೊಂದೇ ಹಾಕಿದರೆ ಇನ್ನೂ ಕೆಡಬಹುದು. ಕುಡಿಯುತ್ತಾರೆ ಅನ್ನುವುದನ್ನು ನಾಚಿಕೆಪಡದೆ ಮೊದಲೇ ಹೇಳಿಬಿಡಿ.

ಸ್ಕ್ಯಾನ್ ಕೂಡ ತೋರಿಸಿದರು. ಸಿಪ್ಪೆ ಸಮೇತ ಒಣಗಿದ ಚೆರಿ ಕಾಫಿಯನ್ನು ಕಿವಿ ಹತ್ತಿರ ಅಲ್ಲಾಡಿಸಿದರೆ ಬೀಜ ಒಳಗೆ ಗಲಗಲ ಅನ್ನುತ್ತದೆ, ಅಲ್ವಾ? ನನಗೆ ಅದೇ ನೆನಪಾಯಿತು. ಮೆದುಳು ಕುಗ್ಗಿ, ಮಡಿಕೆಗಳ ನಡುವಿನ ಸಂದು ಅಗಲವಾಗಿತ್ತು, ನಡುವಿನ ನೀರಿನ ಗೂಡುಗಳು ದೊಡ್ಡದಾಗಿದ್ದವು. ಹಣೆಯ ಹಿಂದಿನ ಭಾಗ ಸವೆದರೆ, "ಇನ್ನು ಸಾಕು" ಅನ್ನುವ ಹಿಡಿತ ತಪ್ಪುತ್ತದೆ. ಕಿರುಮೆದುಳು ಸವೆದರೆ ನಡಿಗೆ ತಪ್ಪುತ್ತದೆ. ನಾವು ಇಷ್ಟು ವರ್ಷ ಹಟ, ಕೊಬ್ಬು ಅಂತ ಬೈದದ್ದರಲ್ಲಿ ಎಷ್ಟು ಪಾಲು ಇದಾಗಿತ್ತೋ. ನೆನೆಸಿಕೊಂಡರೆ ಹೊಟ್ಟೆ ಕಿವುಚುತ್ತದೆ.

ಕುಡಿತ ನಿಂತರೆ ಕುಗ್ಗಿದ್ದು ಸ್ವಲ್ಪ ಮಟ್ಟಿಗೆ ತುಂಬಿಕೊಳ್ಳುತ್ತದೆ, ಮೊದಲ ಕೆಲವು ತಿಂಗಳಲ್ಲೇ. ಮಾವನ ನಡಿಗೆ ಈಗ ಎಷ್ಟೋ ವಾಸಿ. ಹೊಸ ನೆನಪು ಮಾತ್ರ ನಿಲ್ಲುವುದಿಲ್ಲ. ಬೆಳಿಗ್ಗೆ ಅಕ್ಕಿರೊಟ್ಟಿ ಜೊತೆ ಅತ್ತೆ ಬಿ1 ಮಾತ್ರೆ ಇಡುತ್ತಾರೆ. ಇದು ಯಾತಕ್ಕೆ ಅಂತ ಮಾವ ದಿನಾ ಕೇಳುತ್ತಾರೆ, ಅತ್ತೆ ದಿನಾ ಹೇಳುತ್ತಾರೆ.