ಲೆವೆಲ್ ಏರಿಸುವ ಖುಷಿ

ಒಂದು ಪಾತ್ರವಾಗಿ ಕಥೆಯೊಳಗೆ ಆಡುವ ಆರ್‌ಪಿಜಿ ಗೇಮ್‌ಗಳಲ್ಲಿ ಲೆವೆಲ್ ಗ್ರೈಂಡಿಂಗ್, ಅಂದರೆ ಪಾತ್ರದ ಬಲ ಹೆಚ್ಚಿಸಲು ಅದದೇ ಕಾಳಗ ಮತ್ತೆ ಮತ್ತೆ ಆಡುವುದು, ಸುಮ್ನೆ ಟೈಮ್ ವೇಸ್ಟ್ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 1986ರ ಡ್ರ್ಯಾಗನ್ ಕ್ವೆಸ್ಟ್ ಅನ್ನೇ ನೋಡಿ. ಸ್ಲೈಮ್ ಅನ್ನುವ ದುರ್ಬಲ ಪ್ರಾಣಿಯೊಂದನ್ನು ಹೊಡೆದರೆ ಲೆವೆಲ್ ಏರಿಸಲು ಸಿಗುವುದು ಒಂದೇ ಪಾಯಿಂಟ್. ಆದರೆ ಹೊಡೆದು, ಊರಿಗೆ ವಾಪಸ್ ಬಂದು ಮಲಗಿ, ಮತ್ತೆ ಹೋಗಿ, ಕೂಡಿಟ್ಟ ದುಡ್ಡಲ್ಲಿ ಒಳ್ಳೆಯ ಆಯುಧ ಕೊಂಡ ಮೇಲೆ, ಸೇತುವೆ ದಾಟಿದ ಕೂಡಲೇ ನಮ್ಮನ್ನು ಮುಗಿಸುತ್ತಿದ್ದ ಪ್ರಾಣಿಗಳನ್ನು ನಾವೇ ಎರಡೇಟಿಗೆ ಕೆಡವುತ್ತೇವಲ್ಲ, ಅದೇ ಮಜಾ.

ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಲೋಕಲ್ ರೈಲಿನಲ್ಲಿ ಸೀಟು ಸಿಕ್ಕಿದರೆ ನಾನು ಮಾಡುವುದೂ ಇದನ್ನೇ. ಠಾಣೆಯಲ್ಲಿ ಜನ ನುಗ್ಗಿ ಮೊಣಕೈ ತಾಗಿದರೂ ಪರವಾಗಿಲ್ಲ, ಕಥೆ ತಪ್ಪಿಹೋಗುವ ಭಯವಿಲ್ಲ, ಬೆರಳು ತನ್ನ ಪಾಡಿಗೆ ಆಡುತ್ತಿರುತ್ತದೆ.

ಆದರೆ ಗ್ರೈಂಡಿಂಗ್ ಕಡ್ಡಾಯ ಮಾಡಬಾರದು. ಬ್ರೇವ್ಲಿ ಡಿಫಾಲ್ಟ್ ಗೇಮ್‌ನಲ್ಲಿ ದಾರಿಯಲ್ಲಿ ಎದುರಾಗುವ ಕಾಳಗಗಳನ್ನು ಪೂರ್ತಿ ನಿಲ್ಲಿಸಬಹುದು, ಬೇಕಿದ್ದರೆ ದುಪ್ಪಟ್ಟೂ ಮಾಡಬಹುದು. ಎಷ್ಟು ಒಳ್ಳೆಯ ಯೋಚನೆ ಅಲ್ವಾ? ಕಥೆ ಬೇಕಾದವರಿಗೆ ಕಥೆ, ನನ್ನಂಥವರಿಗೆ ಕಾಳಗ. ಬೇಕಂತಲೇ ಲೆವೆಲ್ ನಿಧಾನ ಮಾಡಿ, ದುಡ್ಡು ಕೊಟ್ಟರೆ ಬೇಗ ಏರಿಸ್ತೀವಿ ಅನ್ನುವ ಕೆಲವು ಮೊಬೈಲ್ ಗೇಮ್‌ಗಳ ಮೇಲೆ ಮಾತ್ರ ನನಗೆ ನಿಜವಾದ ಸಿಟ್ಟು.