ಎಂಆರ್‌ಐ ದಿನ ಮಾಡಿದ ಟೆಸ್ಟ್

ಮೆದುಳಿನ ಗಡ್ಡೆಗೆ ಚಿಕಿತ್ಸೆ ಪಡೆದ ಮಕ್ಕಳ ಗಮನ, ನೆನಪು, ವೇಗ ಅಳೆಯುವುದು ನನ್ನ ಕೆಲಸ. ಸೇರಿದ ಹೊಸದರಲ್ಲಿ ಒಂದು ತಪ್ಪು ಮಾಡಿದ್ದೆ.

ಹತ್ತು ವರ್ಷದ ಹುಡುಗ. ಕಿರುಮೆದುಳಿನಲ್ಲಿ ಮೆಡುಲೋಬ್ಲಾಸ್ಟೋಮಾ ಅನ್ನುವ ಕ್ಯಾನ್ಸರ್ ಗಡ್ಡೆ. ಆಪರೇಷನ್ ಆಗಿ, ತಲೆಗೂ ಬೆನ್ನುಹುರಿಗೂ ರೇಡಿಯೇಶನ್ ಮುಗಿದು ಒಂದೂವರೆ ವರ್ಷವಾಗಿತ್ತು. ದೂರದ ಊರಿನವರು, ಎರಡೆರಡು ಸಲ ಬಸ್ ಹತ್ತಿಸುವುದು ಯಾಕೆ ಅಂತ ಎಂಆರ್‌ಐ ಇದ್ದ ದಿನವೇ ನನ್ನ ಟೆಸ್ಟನ್ನೂ ಇಟ್ಟುಕೊಂಡೆ.

ನಾನು ಹೇಳಿದ ಅಂಕಿಗಳನ್ನು ಕೊನೆಯಿಂದ ಮೊದಲಿಗೆ ಹೇಳಬೇಕು. ಎರಡು ಅಂಕಿ ದಾಟಲಿಲ್ಲ. ಆಮೇಲೆ ಅಂಕಿಗೆ ತಕ್ಕ ಗುರುತು ಬರೆಯುವುದು, 120 ಸೆಕೆಂಡಿನಲ್ಲಿ. ಸ್ಟಾಪ್‌ವಾಚ್ ಒತ್ತಿದ್ದೇ ತಡ, ಬೆವರಿಗೆ ಪೆನ್ಸಿಲ್ ಜಾರಿತು. ಪೆನ್ಸಿಲ್ ಎತ್ತಿಕೊಟ್ಟೆ, ಬೆವರು ನೋಡಲಿಲ್ಲ. ರಿಪೋರ್ಟಿನಲ್ಲಿ ಎಲ್ಲವನ್ನೂ ಚಿಕಿತ್ಸೆಯ ಪರಿಣಾಮ ಅಂತ ಬರೆದೆ.

ಮೂರು ತಿಂಗಳ ನಂತರ ತಾಯಿ ಮಾತಿನ ನಡುವೆ ಹೇಳಿದರು: "ಅವತ್ತು ಹಿಂದಿನ ರಾತ್ರಿಯೆಲ್ಲ ಮಲಗಿರಲಿಲ್ಲ ಮೇಡಂ. ನಿಮ್ಮ ಪರೀಕ್ಷೇಲಿ ಫೇಲಾದ್ರೆ ಮತ್ತೆ ತಲೆ ಕೊಯ್ತಾರೆ ಅಂದ್ಕೊಂಡಿದ್ದ."

ಭಯವನ್ನೇ ಹೊತ್ತು ಕೂತ ತಲೆಯಲ್ಲಿ ನಾಲ್ಕು ಅಂಕಿಗೆ ಜಾಗ ಎಲ್ಲಿ?

ಸ್ಕ್ಯಾನ್ ಇಲ್ಲದ ದಿನ ಮತ್ತೆ ಕರೆಸಿದೆ. ಇದು ಪಾಸು ಫೇಲಿನ ಪರೀಕ್ಷೆ ಅಲ್ಲ, ಆಪರೇಷನ್ನಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಮೊದಲೇ ಹೇಳಿದೆ. ನಾಲ್ಕು ಅಂಕಿ ಸಲೀಸಾಗಿ ಹೇಳಿದ. ಮೊದಲ ಸಲದ ಅಭ್ಯಾಸವೂ ಸ್ವಲ್ಪ ಸೇರಿರಬಹುದು ಅನ್ನಿ. ಆದರೆ ಗುರುತು ಬರೆಯುವುದು ಆಗಲೂ ನಿಧಾನವೇ. ಕೈ ನಡುಗಲಿಲ್ಲ, ಬೆವರಲಿಲ್ಲ, ಸುಮ್ನೆ ನಿಧಾನ. ಇಂಥ ಚಿಕಿತ್ಸೆಯ ನಂತರ ಜಾಸ್ತಿ ಕಾಣುವುದು ಈ ನಿಧಾನವೇ. ಕಲಿತದ್ದು ಮರೆತುಹೋಗುವುದಕ್ಕಿಂತ ಹೊಸದನ್ನು ಕಲಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಹಾಗಾಗಿ ಓರಗೆಯವರಿಗೂ ಇವರಿಗೂ ಅಂತರ ವರ್ಷ ವರ್ಷಕ್ಕೆ ಬೆಳೆಯುತ್ತದೆ. ಭಯ ಒಂದು, ನಿಧಾನ ಇನ್ನೊಂದು. ನಾನು ಎರಡನ್ನೂ ಒಂದೇ ಗಂಟು ಕಟ್ಟಿದ್ದೆ.

ಅಷ್ಟರಲ್ಲಿ ಹಳೆಯ ರಿಪೋರ್ಟ್ ಶಾಲೆ ತಲುಪಿತ್ತು. ಒಂದು ತರಗತಿ ಹಿಂದೆ ಕೂರಿಸುವ ಮಾತೂ ಆಗಿತ್ತಂತೆ. ಹೆಡ್‌ಮಾಸ್ಟರಿಗೆ ನಾನೇ ಫೋನ್ ಮಾಡಿ, ತಪ್ಪು ನನ್ನದು ಸಾರ್ ಅಂದೆ. ಹೊಸ ಪತ್ರದಲ್ಲಿ ಬರೆದದ್ದು ಇಷ್ಟೇ: ಪರೀಕ್ಷೆಗೆ ಹೆಚ್ಚಿನ ಸಮಯ ಕೊಡಿ, ಬೋರ್ಡಿನಿಂದ ನಕಲು ಬರೆಸಬೇಡಿ, ಸ್ಕ್ಯಾನ್ ಇರುವ ವಾರ ಕಿರುಪರೀಕ್ಷೆ ಇಡಬೇಡಿ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಸ್ಕ್ಯಾನ್ ಯಾವಾಗ ಅಂತ ನಮಗೆ ಯಾರು ಹೇಳ್ತಾರೆ?" ಈಗ ತಾರೀಕು ಗೊತ್ತಾದ ತಕ್ಷಣ ತಾಯಿ ಶಾಲೆಗೂ ಒಂದು ಫೋನ್ ಮಾಡುತ್ತಾರೆ.