ಊಟ ಬೇರೆ, ತಿಂಡಿ ಬೇರೆ

ನರ್ಸಿಂಗ್ ಓದುವಾಗ ನಮಗೆ ಮೆಡಿಕಲ್-ಸರ್ಜಿಕಲ್ (ಕಾಯಿಲೆ, ಆಪರೇಷನ್ನಿನ ರೋಗಿಗಳ ಆರೈಕೆ) ಕಲಿಸಿದ ಮೇಡಂ ತೀರಿಕೊಂಡ ಸುದ್ದಿ ಬಂದಾಗ ನಮ್ಮ ಬ್ಯಾಚಿನವರೆಲ್ಲ ನೆನೆದದ್ದು ಅವರ ಒಂದೇ ಮಾತು: "ಊಟ ಬೇರೆ, ತಿಂಡಿ ಬೇರೆ."

ಮಂಗಳೂರಿನ ವಾರ್ಡ್ ಕಂಡವರಿಗೆ ಇದು ಅರ್ಥವಾಗುತ್ತದೆ. ಒಂದು ಮಂಚದಲ್ಲಿ ತುಳು, ಪಕ್ಕದಲ್ಲಿ ಬ್ಯಾರಿ, ಆಚೆ ಕೊಂಕಣಿ, ಮೂಲೆಯಲ್ಲಿ ಬಾಗಲಕೋಟೆಯ ಕನ್ನಡ. ಆರೈಕೆಗೆ ನಿಂತವರಲ್ಲಿ ಹಲವರು ಕೇರಳದವರು. ಆಪರೇಷನ್ನಿನ ಮುನ್ನಾದಿನ "ಬೆಳಿಗ್ಗೆ ಊಟ ಮಾಡಬೇಡಿ" ಎಂದರೆ ರೋಗಿ ಇಡ್ಲಿ ತಿಂದಿರುತ್ತಾರೆ. ಇಡ್ಲಿ ತಿಂಡಿ ತಾನೆ! "ಏನೂ ತಿನ್ನಬೇಡಿ" ಎಂದರೆ ಹಾಲು ಹಾಕಿದ ಕಾಫಿ ಕುಡಿದಿರುತ್ತಾರೆ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಅದಕ್ಕೇ ಮೇಡಂ "ಊಟ, ತಿಂಡಿ, ಹಾಲು, ಕಾಫಿ, ಚಾ, ಯಾವುದೂ ಬೇಡ" ಎಂದು ಒಂದೊಂದಾಗಿ ಹೆಸರಿಸಿ, ಗಡಿಯಾರ ತೋರಿಸಿ ನಮ್ಮಿಂದ ಹೇಳಿಸುತ್ತಿದ್ದರು. ಅರಿವಳಿಕೆಗೆ ಮುಂಚೆ ಲಘು ಆಹಾರ, ಹಾಲು ಬಿಟ್ಟು ಕನಿಷ್ಠ 6 ಗಂಟೆ ಆಗಿರಬೇಕು, ಬರೀ ನೀರು ಬಿಟ್ಟು 2 ಗಂಟೆ. ಆಮೇಲೆ "ಅರ್ಥ ಆಯ್ತಾ?" ಎಂದು ಕೇಳುವಂತಿಲ್ಲ, ಅರ್ಥವಾಗದವರೂ ತಲೆಯಾಡಿಸಿಬಿಡುತ್ತಾರೆ. "ನಾಳೆ ಎದ್ದು ಏನು ಮಾಡ್ತೀರಿ?" ಎಂದು ಅವರ ಬಾಯಿಂದಲೇ ಹೇಳಿಸಬೇಕು.

"ತಗೋಬೇಕು", "ತಗೋಬೇಡಿ" ಎರಡಕ್ಕೂ ಅಂತರ ಇರುವುದು ಪದದ ಕೊನೆಯಲ್ಲಿ. ಹೊಸಬರು ನುಂಗುವುದೂ ಅದನ್ನೇ. ಬೇಡ ಎನ್ನುವಾಗ ಕೈಯೂ ಆಡಬೇಕು. ಮಲಯಾಳದ ವೇಂಡವೇ ನಮ್ಮ ಬೇಡ ಎಂದು ಕೇರಳದವರಿಗೆ ನೆನಪಿಸುತ್ತಿದ್ದರು.

ರೋಗಿಗಳ ಮಾತು ಬರೆದುಕೊಳ್ಳಲು ಎಪ್ರನ್ನಿನ ಕಿಸೆಯಲ್ಲಿ ಪುಟ್ಟ ಪುಸ್ತಕ ಕಡ್ಡಾಯ. ತುಳುವಿನ ಬಂಜಿಬೇನೆ (ಹೊಟ್ಟೆನೋವು), ತರೆಬೇನೆ (ತಲೆನೋವು). ಉತ್ತರ ಕರ್ನಾಟಕದ ಕಡೆಯ ಜಡ್ಡು (ಕಾಯಿಲೆ), ಬ್ಯಾನಿ (ನೋವು). "ಹೊರಗೆ ಹೋಗಿದ್ದೆ" ಎಂದರೆ ಮಲವಿಸರ್ಜನೆ, "ಹೊರಗಾಗಿದ್ದೇನೆ" ಎಂದರೆ ಮುಟ್ಟು. ಕೇಸ್‌ಶೀಟಿನಲ್ಲಿ ಇವು ಅದಲುಬದಲಾಗಬಾರದು. ಇಂಥದ್ದಕ್ಕೆ ಮಗನನ್ನು ದುಭಾಷಿ ಮಾಡಿಕೊಂಡರೆ ತಾಯಿ ಬಾಯಿಬಿಡುವುದಿಲ್ಲ. ಭಾಷೆ ಬಲ್ಲ ಸಿಸ್ಟರನ್ನು ಕರೆದು, ಪರದೆ ಎಳೆದು, ರೋಗಿಯ ಮುಖ ನೋಡಿಯೇ ಮಾತಾಡಬೇಕು.

ಕೇರಳದ ಗೆಳತಿಯರಿಗೆ ಬೇಕೆಂದೇ ತಪ್ಪು ಕನ್ನಡ ಕಲಿಸುವ ತುಂಟತನ ಆಗ ಜೋರಾಗಿತ್ತು. ಮೇಡಂ ಬೈಯಲಿಲ್ಲ. ಕಲಿಸಿದವರೇ ಒಂದು ವಾರ ಆ ಗೆಳತಿಯರ ಜೊತೆ ಮಂಚದಿಂದ ಮಂಚಕ್ಕೆ ಹೋಗಿ ಪ್ರತಿ ಮಾತನ್ನೂ ತಿದ್ದಬೇಕೆಂದರು. ಆ ವಾರದ ಮೇಲೆ ತುಂಟತನ ನಿಂತಿತು. ನಮ್ಮ ಬ್ಯಾಚಿನವರು ಎಂಥ ವಾರ್ಡನ್ನೂ ಸಂಭಾಳಿಸುತ್ತಾರೆಂಬ ಹೆಸರು ಬಂದದ್ದೂ ಆ ತಿದ್ದುಪಡಿಯಿಂದಲೇ.

ಈಗಿನ ಪಠ್ಯದಲ್ಲಿ ಕಮ್ಯುನಿಕೇಟಿವ್ ಇಂಗ್ಲಿಷ್ ಇದೆ, ಬೇಕಾದದ್ದೇ. ಬಂಜಿಬೇನೆಗೂ ವಾರಕ್ಕೊಂದು ಗಂಟೆ ಸಿಗಲಿ. ಮೇಡಂ ಹೆಸರಿನಲ್ಲಿ ಬಹುಮಾನ ಇಡುವ ಮಾತು ನಡೆದಿದೆ. ಅದನ್ನು ಅಂಕ ನೋಡಿ ಕೊಡಬೇಡಿ. ಪರೀಕ್ಷಕರು ವಾರ್ಡಿಗೆ ಹೋಗಿ, ನಾಳೆಯ ಆಪರೇಷನ್ನಿಗೆ ಏನೇನು ಬಿಡಬೇಕೆಂದು ರೋಗಿಯನ್ನೇ ಕೇಳಲಿ. ರೋಗಿ ಸರಿಯಾಗಿ ಹೇಳಿದರೆ ಬಹುಮಾನ ಆ ವಿದ್ಯಾರ್ಥಿನಿಗೆ.